ಮೇಲಕ್ಕೆ ಹರಿಯುವ ನದಿ!

“ತಾತ, ಈ ನದಿ ಕೆಳಗಿಂದ ಮೇಲಕ್ಕೆ ಹರಿಯುತ್ತಲ್ಲ, ಅದು ಹೇಗೆ?”

ಅಟ್ಲಾಸ್ ಹರಡಿಕೊಂಡು ಕೂತಿದ್ದ ಮೊಮ್ಮಗನ ಬೆರಳು ರಷ್ಯಾದ ಸೈಬೀರಿಯಾದಲ್ಲಿರುವ ಲೆನಾ ನದಿಯ ಮೇಲಿತ್ತು. “ನಕ್ಷೆಯಲ್ಲಿ ಮೇಲೆ ಅಂದರೆ ಉತ್ತರ ದಿಕ್ಕು ಮರಿ, ಎತ್ತರ ಅಲ್ಲ. ನೀರು ಇಳಿಜಾರಿನಲ್ಲೇ ಹರಿಯೋದು” ಎಂದೆ. ಅವನ ಅನುಮಾನ ತೀರಿತು, ನನ್ನ ಕುತೂಹಲ ಶುರುವಾಯಿತು. ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತನಾದವನು ನಾನು. ಭೂಗೋಳದ ಪುಸ್ತಕಗಳನ್ನು ತೆರೆದದ್ದು ಈಚೆಗೆ.

ಲೆನಾ ಹುಟ್ಟುವುದು ಬೈಕಲ್ ಸರೋವರದ ಪಕ್ಕದ ಬೆಟ್ಟಗಳಲ್ಲಿ. ಸರೋವರ ಅಷ್ಟು ಹತ್ತಿರವಿದ್ದರೂ ಅದನ್ನು ಸೇರುವುದಿಲ್ಲ. ವಿತಿಮ್, ಅಲ್ದಾನ್, ವಿಲ್ಯುಯ್ ಮುಂತಾದ ಉಪನದಿಗಳನ್ನು ಕೂಡಿಕೊಂಡು, ಸುಮಾರು 4,400 ಕಿ.ಮೀ. ಹರಿದು, ಉತ್ತರದ ಲಾಪ್ಟೆವ್ ಸಮುದ್ರ ಸೇರುತ್ತದೆ. ಅಲ್ಲಿ ಅದರ ಮುಖಜಭೂಮಿಯ ವಿಸ್ತಾರವೇ ಸುಮಾರು 30,000 ಚದರ ಕಿ.ಮೀ.

ದಡದಲ್ಲಿರುವ ದೊಡ್ಡ ನಗರ ಯಾಕುಟ್ಸ್ಕ್. ಜನವರಿಯಲ್ಲಿ ಅಲ್ಲಿನ ಚಳಿ ಸೊನ್ನೆಗಿಂತ 40 ಡಿಗ್ರಿ ಕೆಳಗೆ ಇಳಿಯುವುದು ಮಾಮೂಲು. ಆಗ ನದಿ ಕಲ್ಲಿನಂತೆ ಗಟ್ಟಿಯಾಗುತ್ತದೆ, ಅದರ ಮೇಲೆ ಲಾರಿಗಳು ಓಡಾಡುತ್ತವೆ! ಬೇಸಿಗೆಯಲ್ಲಿ ದಾಟಲು ದೋಣಿ, ಹಡಗು. ನೆಲದ ಆಳವೂ ವರ್ಷವಿಡೀ ಹೆಪ್ಪುಗಟ್ಟಿಯೇ ಇರುವುದರಿಂದ ಕಟ್ಟಡಗಳನ್ನು ಕಂಬಗಳ ಮೇಲೆ ಕಟ್ಟುತ್ತಾರೆ. ಮನೆಯ ಬಿಸಿ ತಾಗಿ ನೆಲ ಕರಗಿದರೆ ಮನೆಯೇ ವಾಲುತ್ತದೆ.

ಆದರೆ ಅಲ್ಲಿನವರಿಗೆ ಚಳಿಗಿಂತ ಹೆಚ್ಚಿನ ಭಯ ವಸಂತ ಕಾಲದ್ದು. ನದಿ ಉತ್ತರಕ್ಕೆ ಹರಿಯುವುದೇ ಅದಕ್ಕೆ ಕಾರಣ. ದಕ್ಷಿಣದಲ್ಲಿ ಮಂಜುಗಡ್ಡೆ ಮೊದಲು ಕರಗುತ್ತದೆ. ಆ ನೀರು ಗಡ್ಡೆಗಳ ಸಮೇತ ಮುಂದೆ ನುಗ್ಗಿದರೆ, ಉತ್ತರದಲ್ಲಿ ನದಿ ಇನ್ನೂ ಹೆಪ್ಪುಗಟ್ಟಿಯೇ ಇರುತ್ತದೆ. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಜಮಾ ಆಗುತ್ತಲೇ ಇದೆ, ಖರ್ಚಿಗೆ ದಾರಿಯಿಲ್ಲ. ಗಡ್ಡೆಗಳು ಒಂದರ ಮೇಲೊಂದು ಏರಿ ಅಣೆಕಟ್ಟೆಯಂತೆ ನಿಲ್ಲುತ್ತವೆ. ಹೆಪ್ಪುಗಟ್ಟಿದ ನೆಲ ನೀರು ಹೀರುವುದಿಲ್ಲ. ನೀರು ಊರಿಗೇ ನುಗ್ಗುತ್ತದೆ.

2001ರ ಮೇ ತಿಂಗಳಲ್ಲಿ ಲೆನ್ಸ್ಕ್ ಪಟ್ಟಣ ಹೀಗೇ ಮುಳುಗಿತು. ಗಡ್ಡೆಯನ್ನು ಒಡೆಯಲು ವಿಮಾನಗಳಿಂದ ಬಾಂಬು ಹಾಕಿದರು. ಆದರೂ ಸಾವಿರಾರು ಮನೆಗಳು ಹಾಳಾದವು. ಊರನ್ನು ಮತ್ತೆ ಕಟ್ಟಬೇಕಾಯಿತು.

ಇದನ್ನೆಲ್ಲ ಕೇಳಿದ ಮೊಮ್ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಹಾಗಾದರೆ ಉತ್ತರಕ್ಕೆ ಹರಿಯುವ ಬೇರೆ ನದಿಗಳಲ್ಲೂ ಹೀಗಾಗುತ್ತಾ?” ಎಂದ.

ಒಳ್ಳೆಯ ಪ್ರಶ್ನೆ! ಮಕ್ಕಳೇ, ನೀವೂ ಅಟ್ಲಾಸ್ ತೆಗೆಯಿರಿ. ಸೈಬೀರಿಯಾದ ಓಬ್, ಯೆನಿಸಿ, ಕೆನಡಾದ ಮೆಕೆಂಜಿ ನದಿಗಳನ್ನು ಹುಡುಕಿ. ಅವು ಯಾವ ದಿಕ್ಕಿಗೆ ಹರಿಯುತ್ತವೆ ನೋಡಿ. ಉತ್ತರ ನಿಮಗೇ ಸಿಗುತ್ತದೆ.