ಪೊಟ್ಯಾಷ್ ಜೈವಿಕ ಗೊಬ್ಬರ: ಲಾಭವೆಷ್ಟು, ಮಿತಿಯೇನು?

ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆಯ ಅಡಿಕೆ ಬೆಳೆಗಾರರಿಗೆ ಪೊಟ್ಯಾಷ್ ಅನಿವಾರ್ಯ ವೆಚ್ಚ. ಫಸಲು ಕೊಡುವ ಮರವೊಂದಕ್ಕೆ ವರ್ಷಕ್ಕೆ 140 ಗ್ರಾಂ ಪೊಟ್ಯಾಷ್ ಶಿಫಾರಸಾಗಿದೆ. ಶೇಕಡಾ 60 ಸತ್ವವುಳ್ಳ ಮ್ಯೂರಿಯೇಟ್ ಆಫ್ ಪೊಟ್ಯಾಷ್ ರೂಪದಲ್ಲಿ ಇದು ಸಾವಿರ ಮರಗಳಿಗೆ ಸುಮಾರು 233 ಕಿಲೋ. ಈ ಗೊಬ್ಬರಕ್ಕೆ ಭಾರತವು ಆಮದನ್ನೇ ಅವಲಂಬಿಸಿದೆ. ಆದುದರಿಂದಲೇ ಪೊಟ್ಯಾಷ್ ಒದಗಿಸುವ ಸೂಕ್ಷ್ಮಾಣುಗಳತ್ತ ಗಮನ ಹರಿದಿದೆ.

ಫ್ರಾಟ್ಯೂರಿಯಾ ಮುಂತಾದ ಬ್ಯಾಕ್ಟೀರಿಯಾಗಳು ಸಾವಯವ ಆಮ್ಲಗಳನ್ನು ಸ್ರವಿಸಿ, ಅಭ್ರಕದಂತಹ ಖನಿಜಗಳಲ್ಲಿ ಬಂಧಿತವಾದ ಪೊಟ್ಯಾಸಿಯಂ ಅನ್ನು ಬಿಡಿಸಿ ಬೇರಿಗೆ ಒದಗಿಸುತ್ತವೆ. ಆದರೆ ಅದನ್ನು ಸೃಷ್ಟಿಸಲಾರವು. ರೈಜೋಬಿಯಂ ಗಾಳಿಯಿಂದ ಸಾರಜನಕ ತರುವುದು ಹೊಸ ಬಂಡವಾಳವಿದ್ದಂತೆ. ಇದು ಹಳೆಯ ಬಾಕಿಯ ವಸೂಲಿ. ಬಾಕಿಯೇ ಇಲ್ಲದಲ್ಲಿ ವಸೂಲಿ ಎಲ್ಲಿಯದು? ಕರಾವಳಿಯ ಮಳೆಗೆ ತೊಳೆದುಹೋದ ಮುರಕಲ್ಲು ಮಣ್ಣಿನಲ್ಲಿ ಇಂತಹ ಖನಿಜಗಳು ವಿರಳ. ಇದನ್ನೇ ನಂಬಿ ಪೊಟ್ಯಾಷ್ ಗೊಬ್ಬರವನ್ನು ಪೂರ್ಣ ನಿಲ್ಲಿಸಿದರೆ ಇಳುವರಿ ಕುಸಿಯುವ ಅಪಾಯವಿದೆ.

ಜೈವಿಕ ಗೊಬ್ಬರಗಳು 2006ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಬಂದವು. ಪುಡಿ ರೂಪದ ಪೊಟ್ಯಾಷ್ ಜೈವಿಕ ಗೊಬ್ಬರದ ಪ್ರತಿ ಗ್ರಾಂನಲ್ಲಿ ಕನಿಷ್ಠ 5 ಕೋಟಿ ಜೀವಕೋಶಗಳಿರಬೇಕು. ಇದು ಜೀವಂತ ಸರಕು; ಬಿಸಿಲು ತಾಗಿದ, ಅವಧಿ ಮೀರಿದ ದಾಸ್ತಾನು ಕೇವಲ ಪುಡಿ. ದಾಸ್ತಾನುದಾರರು ನೆರಳಿನಲ್ಲಿ, ರಾಸಾಯನಿಕ ಗೊಬ್ಬರದಿಂದ ಪ್ರತ್ಯೇಕವಾಗಿ ಇರಿಸತಕ್ಕದ್ದು.

ಅಡಿಕೆ ಸಿಪ್ಪೆ, ಸೋಗೆಗಳನ್ನು ಗೊಬ್ಬರವಾಗಿಸಿ ತೋಟಕ್ಕೆ ಮರಳಿಸಿದರೆ ಅವು ಹೀರಿದ ಪೊಟ್ಯಾಷ್ ಮರಳಿ ಜಮೆಯಾಗುತ್ತದೆ. ಸೂಕ್ಷ್ಮಾಣುವನ್ನು ಮೊದಲು ಕೆಲವೇ ಮರಗಳಿಗೆ ನೀಡಿ, ಇಳುವರಿಯ ಲೆಕ್ಕವಿರಿಸಿ, ಅನಂತರ ವಿಸ್ತರಿಸುವುದು ಲೇಸು. ಪರ್ಯಾಯವೆಂದಲ್ಲ, ಪೂರಕವೆಂದು ಹೇಳಿ ಮಾರುವ ವರ್ತಕನ ಅಂಗಡಿಗೆ ಬೆಳೆಗಾರ ಮರುವರ್ಷವೂ ಬಂದಾನು.