ಗರ್ಭಿಣಿಯರಿಗೆ ಕಡಿಮೆ ಪ್ರಮಾಣದ ಆಸ್ಪಿರಿನ್: ಮೂರು ತಿಂಗಳೊಳಗಿನ ನೋಂದಣಿಯ ಮಹತ್ವ

ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲೂಕುಗಳ ಗ್ರಾಮ ಪಂಚಾಯತಿ ಸದಸ್ಯರ ಅವಗಾಹನೆಗಾಗಿ

ಗರ್ಭಧಾರಣೆಯ 20 ವಾರಗಳ ನಂತರ ಕೆಲವು ಗರ್ಭಿಣಿಯರಲ್ಲಿ ರಕ್ತದೊತ್ತಡವು 140/90 ಅಥವಾ ಅದಕ್ಕಿಂತ ಮೇಲೇರಿ, ಮೂತ್ರದಲ್ಲಿ ಪ್ರೋಟೀನ್ ಅಂಶ ಕಾಣಿಸಿಕೊಳ್ಳುತ್ತದೆ. ವೈದ್ಯರು ಇದನ್ನು ಪ್ರಿ-ಎಕ್ಲಾಂಪ್ಸಿಯಾ ಎನ್ನುತ್ತಾರೆ. ಗರ್ಭಿಣಿ ನಂಜು ಎಂದೂ ಕರೆಯುವುದುಂಟು. ಇದು ಉಲ್ಬಣಿಸಿದರೆ ತಾಯಿಗೆ ಫಿಟ್ಸ್ ಬರಬಹುದು, ಮಗು ಅವಧಿಗೆ ಮುನ್ನವೇ ಜನಿಸಬಹುದು, ಇಬ್ಬರ ಪ್ರಾಣಕ್ಕೂ ಅಪಾಯವಾಗಬಹುದು.

ಈ ಕಾಯಿಲೆ ಕಾಣಿಸಿಕೊಳ್ಳುವುದು ತಡವಾಗಿಯಾದರೂ ಅದರ ಮೂಲವಿರುವುದು ಮೊದಲ ತಿಂಗಳುಗಳಲ್ಲಿ. ಮಗುವಿಗೆ ಆಹಾರ ಒದಗಿಸುವ ಮಾಸಿಗೆ ರಕ್ತ ತರುವ ನಾಳಗಳು ಆ ಅವಧಿಯಲ್ಲಿ ಅಗಲಗೊಳ್ಳಬೇಕು. ಅವು ಕಿರಿದಾಗಿಯೇ ಉಳಿದರೆ ಮುಂದೆ ತೊಂದರೆ ಆರಂಭವಾಗುತ್ತದೆ. ಕಡಿಮೆ ಪ್ರಮಾಣದ ಆಸ್ಪಿರಿನ್ ರಕ್ತದ ಕಿರುಬಿಲ್ಲೆಗಳು ಒಂದಕ್ಕೊಂದು ಅಂಟಿಕೊಳ್ಳುವುದನ್ನು ಹಾಗೂ ನಾಳಗಳು ಬಿಗಿಯುವುದನ್ನು ತಗ್ಗಿಸುತ್ತದೆ. ಆದ್ದರಿಂದ ಮಾತ್ರೆಯನ್ನು ಬೇಗ ಆರಂಭಿಸಿದಷ್ಟೂ ಪ್ರಯೋಜನ ಹೆಚ್ಚು.

ಇದಕ್ಕೆ ನಮ್ಮ ಜಿಲ್ಲೆಯೂ ಸಾಕ್ಷಿಯಾಗಿದೆ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯವು ಪಾಲ್ಗೊಂಡಿದ್ದ ಅಂತಾರಾಷ್ಟ್ರೀಯ ಅಧ್ಯಯನವೊಂದು ಭಾರತ, ಪಾಕಿಸ್ತಾನ, ಕೆನ್ಯಾ, ಜಾಂಬಿಯಾ, ಕಾಂಗೋ ಹಾಗೂ ಗ್ವಾಟೆಮಾಲಾ ದೇಶಗಳಲ್ಲಿ ನಡೆಯಿತು. 2016ರಿಂದ 2018ರವರೆಗೆ 11,976 ಚೊಚ್ಚಲ ಗರ್ಭಿಣಿಯರು ಇದಕ್ಕೆ ಸೇರ್ಪಡೆಯಾದರು. ಅರ್ಧದಷ್ಟು ಮಂದಿಗೆ ದಿನಕ್ಕೆ 81 ಮಿಲಿಗ್ರಾಂ ಆಸ್ಪಿರಿನ್, ಉಳಿದವರಿಗೆ ಅದೇ ರೂಪದ ಔಷಧವಿಲ್ಲದ ಮಾತ್ರೆ. ಎಲ್ಲರಿಗೂ 14 ವಾರ ತುಂಬುವ ಮೊದಲೇ ಮಾತ್ರೆ ಆರಂಭಿಸಲಾಯಿತು. 2020ರ ಜನವರಿಯಲ್ಲಿ ಪ್ರಕಟವಾದ ಫಲಿತಾಂಶದಂತೆ, ಅವಧಿಪೂರ್ವ ಹೆರಿಗೆಯ ಪ್ರಮಾಣ ಸಾವಿರಕ್ಕೆ 131ರಿಂದ 116ಕ್ಕೆ ಇಳಿಯಿತು. ಹೆರಿಗೆಯ ಆಸುಪಾಸಿನ ಶಿಶುಮರಣ ಸಾವಿರಕ್ಕೆ ಸುಮಾರು 54ರಿಂದ 46ಕ್ಕೆ ತಗ್ಗಿತು.

ಹಾಗೆಂದು ಈ ಮಾತ್ರೆ ಎಲ್ಲರಿಗೂ ಅಲ್ಲ. ಹಿಂದಿನ ಹೆರಿಗೆಯಲ್ಲಿ ಈ ತೊಂದರೆಯಾದವರು, ಮೊದಲಿನಿಂದಲೇ ಏರು ರಕ್ತದೊತ್ತಡ, ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ಮತ್ತು ಅವಳಿ ಗರ್ಭಿಣಿಯರು ಹೆಚ್ಚಿನ ಅಪಾಯದಲ್ಲಿರುತ್ತಾರೆ. ಅಪಾಯವುಳ್ಳವರಿಗೆ 20 ವಾರಗಳೊಳಗೆ ದಿನಕ್ಕೆ 75 ಮಿಲಿಗ್ರಾಂ ಆರಂಭಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದೆ. ಯಾರಿಗೆ, ಎಷ್ಟು, ಎಲ್ಲಿಯವರೆಗೆ ಎಂಬುದನ್ನು ವೈದ್ಯಾಧಿಕಾರಿಗಳೇ ನಿರ್ಧರಿಸತಕ್ಕದ್ದು. ಹೊಟ್ಟೆಹುಣ್ಣು, ರಕ್ತಸ್ರಾವದ ತೊಂದರೆ ಅಥವಾ ಆಸ್ಪಿರಿನ್ ಅಲರ್ಜಿ ಇರುವವರಿಗೆ ಇದು ಹಾನಿಕರ. ತಲೆನೋವಿಗೆಂದು ಅಂಗಡಿಯಲ್ಲಿ ಸಿಗುವ ಆಸ್ಪಿರಿನ್ ಮಾತ್ರೆಗಳ ಪ್ರಮಾಣ ಹಲವು ಪಟ್ಟು ಹೆಚ್ಚಿರುವುದರಿಂದ ಅವನ್ನು ಬಳಸಕೂಡದು.

ಇಲ್ಲಿಯೇ ಗ್ರಾಮ ಪಂಚಾಯತಿಯ ಪಾತ್ರ ಬರುತ್ತದೆ. ಬಸಿರಾದ ಸುದ್ದಿಯನ್ನು ಮೂರು ತಿಂಗಳು ತುಂಬುವವರೆಗೆ ಹೊರಗೆ ಹೇಳದ ರೂಢಿ ಹಲವು ಮನೆಗಳಲ್ಲಿದೆ. ಐದನೆಯ ಅಥವಾ ಏಳನೆಯ ತಿಂಗಳ ಕುಬಸದ ಕಾರ್ಯಕ್ಕೆ ಊರವರು ಸೇರುವ ವೇಳೆಗೆ ಮಾತ್ರೆ ಆರಂಭಿಸುವ ಸೂಕ್ತ ಕಾಲ ಕಳೆದುಹೋಗಿರುತ್ತದೆ. ಆದ ಕಾರಣ ಸದಸ್ಯರು ಕೆಳಗಿನ ಅಂಶಗಳತ್ತ ಗಮನ ಹರಿಸುವುದು ಅಗತ್ಯ.

1. ಮುಟ್ಟು ನಿಂತ ಕೂಡಲೇ ಆಶಾ ಕಾರ್ಯಕರ್ತೆಗೆ ತಿಳಿಸಿ, 12 ವಾರಗಳೊಳಗೆ ತಾಯಿ ಕಾರ್ಡ್ ಪಡೆಯುವಂತೆ ಮಹಿಳಾ ಗ್ರಾಮ ಸಭೆಯಲ್ಲಿ ಅರಿವು ಮೂಡಿಸುವುದು. ನೋಂದಣಿಯು ಗೋಪ್ಯವಾಗಿರುತ್ತದೆ ಎಂಬ ಭರವಸೆ ನೀಡುವುದು. ಗರ್ಭಿಣಿಯರ ಹೆಸರನ್ನು ಸಭೆಯಲ್ಲಿ ಓದದಿರುವುದು.

2. ಕಬ್ಬು ಕಟಾವಿಗೆ ಬಂದು ಬಿಡಾರ ಹೂಡಿರುವ ಕುಟುಂಬಗಳ ಗರ್ಭಿಣಿಯರನ್ನೂ ಆಶಾ ಭೇಟಿಯ ವ್ಯಾಪ್ತಿಗೆ ತರುವುದು.

3. ಪ್ರತಿ ತಿಂಗಳ 9ನೇ ತಾರೀಖಿನಂದು ನಡೆಯುವ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆಗೆ ಗರ್ಭಿಣಿಯರು ತಲುಪುವಂತೆ ನೋಡಿಕೊಳ್ಳುವುದು.

4. ಹೆರಿಗೆಗೆ ತವರಿಗೆ ತೆರಳುವವರು ತಾಯಿ ಕಾರ್ಡ್ ಮತ್ತು ಮಾತ್ರೆಗಳನ್ನು ಜೊತೆಗೊಯ್ಯುವಂತೆ ತಿಳಿಸುವುದು.

5. ಉಪಕೇಂದ್ರದ ರಕ್ತದೊತ್ತಡ ಮಾಪನ ಯಂತ್ರ ಸುಸ್ಥಿತಿಯಲ್ಲಿದೆಯೇ ಎಂಬುದನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯಲ್ಲಿ ಪರಿಶೀಲಿಸುವುದು.

ಆಸ್ಪಿರಿನ್ ಅಪಾಯವನ್ನು ತಗ್ಗಿಸುತ್ತದೆಯೇ ಹೊರತು ಪೂರ್ಣವಾಗಿ ನಿವಾರಿಸುವುದಿಲ್ಲ. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಹಾಗೂ ಕೈಗಳ ಬಾವು, ಮೇಲ್ಹೊಟ್ಟೆಯ ನೋವು, ಫಿಟ್ಸ್ ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡತಕ್ಕದ್ದು.