ಶಕ್ತಿಮಾನನಿಗೆ ನಮ್ಮೂರ ವೇಷ

ಅಮಾಸೆಬೈಲು ಎಂಬ ಹೆಸರಿನಲ್ಲೇ ಅಮಾವಾಸ್ಯೆ ಇದೆ. ಕುಂದಾಪುರ ತಾಲ್ಲೂಕಿನ ಪೂರ್ವದ ಅಂಚಿನಲ್ಲಿ, ಪಶ್ಚಿಮ ಘಟ್ಟದ ಬುಡದಲ್ಲಿ, ಕಾಡು ಮತ್ತು ಅಡಕೆ ತೋಟಗಳ ನಡುವೆ ಹರಡಿಕೊಂಡಿರುವ ಊರಿದು. ತೊಂಬತ್ತರ ದಶಕದ ಕೊನೆಯಲ್ಲಿ ಇಂಥ ಊರುಗಳಲ್ಲಿ ಟಿ.ವಿ. ಇದ್ದ ಮನೆ ಎಂದರೆ ಅಕ್ಕಪಕ್ಕದ ಮಕ್ಕಳಿಗೆಲ್ಲ ಅದೇ ಮನೆ. ಭಾನುವಾರ ಮಧ್ಯಾಹ್ನ ಒಬ್ಬ ಮಾಣಿ ಹೊರಗೆ ನಿಂತು ಆ್ಯಂಟೆನಾದ ಗಳ ತಿರುಗಿಸುವುದು, ಒಳಗಿನಿಂದ ಇನ್ನೊಬ್ಬ ‘ಬಂತು, ಬಂತು... ಹೋಯ್ತು’ ಎಂದು ಕೂಗುವುದು, ಚಿತ್ರ ಸರಿಯಾಯಿತು ಎನ್ನುವಷ್ಟರಲ್ಲಿ ಕರೆಂಟು ಹೋಗುವುದು. ಆ ಮಕ್ಕಳು ಅಷ್ಟು ಪಾಡುಪಟ್ಟು ಕಾಯುತ್ತಿದ್ದುದು ಶಕ್ತಿಮಾನನಿಗಾಗಿ.

1997ರ ಸೆಪ್ಟೆಂಬರ್ 13ರಂದು ದೂರದರ್ಶನದಲ್ಲಿ ಆರಂಭವಾದ ‘ಶಕ್ತಿಮಾನ್’ ಧಾರಾವಾಹಿ 2005ರ ಮಾರ್ಚ್‌ವರೆಗೆ ನಡೆಯಿತು. ಹಿಂದಿ ಬಾರದ ಮಕ್ಕಳಿಗೂ ಅದು ಅರ್ಥವಾಗುತ್ತಿತ್ತು. ಕಾರಣ ಸರಳ. ಪತ್ರಿಕೆಯೊಂದರ ಪೆದ್ದು ಛಾಯಾಗ್ರಾಹಕ ಗಂಗಾಧರ ಗರಗರನೆ ಸುತ್ತಿದರೆ ಶಕ್ತಿಮಾನನಾಗುತ್ತಾನೆ. ಅವನ ಬಲ ಬಂದದ್ದು ಬೇರೆ ಗ್ರಹದಿಂದಲ್ಲ. ಯೋಗ ಮತ್ತು ಪಂಚಭೂತಗಳಿಂದ. ಅವನ ವೈರಿ ತಮರಾಜ ಕಿಲ್ವಿಷ್ ಜಗತ್ತಿನಲ್ಲಿ ಕತ್ತಲೆಯೇ ಉಳಿಯಲಿ ಎಂದು ಅಬ್ಬರಿಸುತ್ತಿದ್ದ. ಆಟ ನೋಡಿ ಬೆಳೆದ ಮಕ್ಕಳಿಗೆ ಅದು ಥೇಟ್ ಬಣ್ಣದ ವೇಷದ ಪ್ರವೇಶದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಶಕ್ತಿಮಾನನಾದ ಮುಖೇಶ್ ಖನ್ನಾ ಅದಕ್ಕೆ ಕೆಲವೇ ವರ್ಷಗಳ ಹಿಂದೆ ಇದೇ ದೂರದರ್ಶನದ ‘ಮಹಾಭಾರತ’ದಲ್ಲಿ ಭೀಷ್ಮನಾಗಿದ್ದವರು. ನಿನ್ನೆಯ ಭೀಷ್ಮ ಇಂದು ಶಕ್ತಿಮಾನನಾಗುವುದು ಮೇಳದ ಕಲಾವಿದರನ್ನು ಕಂಡ ಊರಿಗೆ ಹೊಸತೇನಲ್ಲ.

ಆ ಮಕ್ಕಳಿಗೆ ಈಗ ಮೂವತ್ತು ದಾಟಿದೆ. ಅವರ ಕಿಸೆಯಲ್ಲಿರುವ ಮೊಬೈಲು ಅಂದಿನ ಸ್ಟುಡಿಯೋಗಳ ಕ್ಯಾಮರಾಕ್ಕಿಂತ ಸ್ಪಷ್ಟ ಚಿತ್ರ ತೆಗೆಯುತ್ತದೆ. ಆದ್ದರಿಂದ ಒಂದು ಆಸೆ ಸಹಜವಾಗಿ ಹುಟ್ಟುತ್ತದೆ: ಶಕ್ತಿಮಾನನನ್ನು ನಾವೇ ಒಮ್ಮೆ ಮಾಡಿದರೆ ಹೇಗೆ? ಜಗತ್ತಿನಾದ್ಯಂತ ಇಂಥ ಆಸೆಯಿಂದ ಹುಟ್ಟಿದ ಚಿತ್ರಗಳನ್ನು ಅಭಿಮಾನಿ ಚಿತ್ರಗಳೆಂದು ಕರೆಯುತ್ತಾರೆ. ಮೂಲದ ಒಡೆಯರಲ್ಲದವರು, ಮೂಲದ ಮೇಲಿನ ಪ್ರೀತಿಗಾಗಿ, ಕೈಯಿಂದ ಹಣ ಹಾಕಿ ಮಾಡುವ ಚಿತ್ರಗಳಿವು.

ಅಮೆರಿಕದ ಮಿಸಿಸಿಪಿ ರಾಜ್ಯದಲ್ಲಿ 1982ರಲ್ಲಿ ಮೂವರು ಹುಡುಗರು ಸ್ಪಿಲ್‌ಬರ್ಗ್‌ರ ‘ರೈಡರ್ಸ್ ಆಫ್ ದ ಲಾಸ್ಟ್ ಆರ್ಕ್’ ಚಿತ್ರವನ್ನು ದೃಶ್ಯ ಬಿಡದೆ ತಾವೇ ಮರುಚಿತ್ರಿಸಲು ಹೊರಟರು. ಏಳು ಬೇಸಿಗೆಗಳು ಅದಕ್ಕೇ ಹೋದವು. ಉಳಿದುಹೋಗಿದ್ದ ವಿಮಾನದ ದೃಶ್ಯವೊಂದನ್ನು ನಡುವಯಸ್ಸಿನಲ್ಲಿ, 2014ರಲ್ಲಿ, ಪೂರೈಸಿದರು. ನೋಡಿದ ಸ್ಪಿಲ್‌ಬರ್ಗ್ ಮೆಚ್ಚಿ ಪತ್ರ ಬರೆದರು.

ನಮಗೆ ಇನ್ನೂ ಹತ್ತಿರದ ಉದಾಹರಣೆ ಮಹಾರಾಷ್ಟ್ರದ ಮಾಲೆಗಾಂವ್. ವಿದ್ಯುತ್ ಮಗ್ಗಗಳ ಆ ಊರಿನಲ್ಲಿ ವಿಡಿಯೋ ಪಾರ್ಲರ್ ನಡೆಸುತ್ತಿದ್ದ ಶೇಖ್ ನಾಸಿರ್ ಮೊದಲು ‘ಶೋಲೆ’ಯನ್ನು ತಮ್ಮೂರಿಗೆ ತಂದರು, ಆಮೇಲೆ ಸೂಪರ್‌ಮ್ಯಾನನ್ನು. ಕ್ಯಾಮರಾ ಓಡಲು ಸೈಕಲ್ಲು, ಮೇಲೇರಲು ಎತ್ತಿನ ಗಾಡಿ. ಸೂಪರ್‌ಮ್ಯಾನ್ ಆದವನು ಮಗ್ಗದ ಕೆಲಸಗಾರ, ಸಣಕಲು ಮೈಯ ಶಫೀಕ್. ಮಾಲೆಗಾಂವಿನ ಸೂಪರ್‌ಮ್ಯಾನನಿಗೆ ದಮ್ಮಿನ ಕಾಯಿಲೆ. ಅವನ ಹೋರಾಟ ತಂಬಾಕಿನ ವಿರುದ್ಧ. ಈ ಸಾಹಸವನ್ನು ಫೈಜಾ ಅಹಮದ್ ಖಾನ್ 2008ರಲ್ಲಿ ಸಾಕ್ಷ್ಯಚಿತ್ರವಾಗಿ ತೆಗೆದಿದ್ದರಿಂದ ಅದು ಹೊರಜಗತ್ತಿಗೆ ತಿಳಿಯಿತು. ಶಫೀಕ್ 2011ರಲ್ಲಿ ಬಾಯಿಯ ಕ್ಯಾನ್ಸರಿನಿಂದ ತೀರಿಕೊಂಡ. ತೆರೆಯ ಮೇಲೆ ತಂಬಾಕನ್ನು ಗೆದ್ದ ನಾಯಕನಿಗೆ ಬಂದ ಈ ಸಾವು, ಆ ಚಿತ್ರ ಬರಿಯ ತಮಾಷೆಯಾಗಿರಲಿಲ್ಲ ಎಂಬುದನ್ನು ತಿಳಿಸುತ್ತದೆ.

ಇನ್ನು ಹಾರುವುದು ಹೇಗೆ? ಮಾಲೆಗಾಂವಿನವರು ಮಾಡಿದ್ದನ್ನೇ ಮನೆಯಂಗಳದಲ್ಲೂ ಮಾಡಬಹುದು. ಸುಕ್ಕಿಲ್ಲದ ಹಸಿರು ಬಟ್ಟೆಯೊಂದನ್ನು ಬಿಗಿದು ಅದರ ಮುಂದೆ ವೇಷಧಾರಿಯನ್ನು ಬೆಂಚಿನ ಮೇಲೆ ಬೋರಲು ಮಲಗಿಸಿ, ಎದುರಿನಿಂದ ಗಾಳಿ ಬೀಸಿ ಚಿತ್ರ ತೆಗೆಯುವುದು. ಬೆಂಚಿಗೂ ಹಸಿರು ಹೊದಿಸಿರಬೇಕು. ಆಮೇಲೆ ಕಂಪ್ಯೂಟರು ಹಸಿರೆಲ್ಲವನ್ನೂ ಅಳಿಸಿ ಅಲ್ಲಿ ಘಟ್ಟದ ಚಿತ್ರವನ್ನು ಕೂಡಿಸುತ್ತದೆ. ಹಸಿರನ್ನೇ ಆರಿಸುವುದು ಅದು ಮನುಷ್ಯರ ಮೈಬಣ್ಣದಿಂದ ದೂರವಿರುವುದಕ್ಕೆ. ವೇಷದಲ್ಲಿ ಮಾತ್ರ ಹಸಿರು ಇರಕೂಡದು. ಇದ್ದರೆ ಅಲ್ಲಿ ತೂತು ಬೀಳುತ್ತದೆ. ಹೊಸಬರು ತಪ್ಪುವುದು ಬೆಳಕಿನಲ್ಲಿ. ಘಟ್ಟದ ಮೇಲೆ ಸಂಜೆಯ ಬಿಸಿಲು, ನಾಯಕನ ಮುಖದ ಮೇಲೆ ನಡುಹಗಲಿನ ಬಿಸಿಲು ಬಿದ್ದರೆ ಯಾವ ಕಂಪ್ಯೂಟರೂ ಅವನನ್ನು ಹಾರಿಸಲಾರದು.

ಹಾರಿಸುವುದು ಸುಲಭವಾಯಿತು. ಕಷ್ಟವಿರುವುದು ಬೇರೆಡೆ: ಎಷ್ಟು ಬದಲಿಸಬಹುದು? 2015ರಲ್ಲಿ ಜೋಸೆಫ್ ಕಾನ್ ಎಂಬ ನಿರ್ದೇಶಕ ಅಮೆರಿಕದ ಮಕ್ಕಳ ಧಾರಾವಾಹಿ ‘ಪವರ್ ರೇಂಜರ್ಸ್’ ಆಧರಿಸಿ ಹದಿನಾಲ್ಕು ನಿಮಿಷಗಳ ಚಿತ್ರ ಮಾಡಿದರು. ಅದರ ತುಂಬ ಬಂದೂಕು, ರಕ್ತ. ಮಕ್ಕಳ ಕಥೆಗಳನ್ನೆಲ್ಲ ಕರಾಳಗೊಳಿಸುವ ಚಾಳಿಯನ್ನು ಅಣಕಿಸುವುದು ತಮ್ಮ ಉದ್ದೇಶವೆಂದು ಅವರು ಹೇಳಿಕೊಂಡರು. ಒಡೆಯರ ಆಕ್ಷೇಪದಿಂದ ಚಿತ್ರ ಕಣ್ಮರೆಯಾಯಿತು. ಇದು ಮಕ್ಕಳಿಗಲ್ಲ, ಮೂಲದವರಿಗೂ ಇದಕ್ಕೂ ಸಂಬಂಧವಿಲ್ಲ ಎಂಬ ಸೂಚನೆಯೊಡನೆ ಕೆಲವೇ ದಿನಗಳಲ್ಲಿ ಮರಳಿತು. ಸ್ವಾರಸ್ಯವೆಂದರೆ 1993ರಲ್ಲಿ ಆರಂಭವಾದ ಆ ಧಾರಾವಾಹಿಯೇ ಜಪಾನಿನ ಧಾರಾವಾಹಿಯೊಂದರ ಹೊಡೆದಾಟದ ದೃಶ್ಯಗಳನ್ನು ಅನುಮತಿ ಪಡೆದು ಸೇರಿಸಿಕೊಂಡು ಕಟ್ಟಿದ್ದು.

ಎಷ್ಟು ಬದಲಿಸಬಹುದೆಂಬ ಪ್ರಶ್ನೆಗೆ ನಮ್ಮ ಕರಾವಳಿ ಶತಮಾನಗಳಿಂದ ಉತ್ತರ ಕೊಡುತ್ತ ಬಂದಿದೆ. ಮಂದಾರ್ತಿ, ಕಮಲಶಿಲೆ ಮೇಳಗಳ ಆಟಗಳಲ್ಲಿ ಪದ್ಯ ಮೊದಲೇ ಬರೆದದ್ದು. ಅರ್ಥ ಮಾತ್ರ ಆಯಾ ರಾತ್ರಿಯದು. ಒಬ್ಬನ ಕರ್ಣ ಕನಿಕರ ಹುಟ್ಟಿಸಿದರೆ ಇನ್ನೊಬ್ಬನ ಕರ್ಣ ವಾದಕ್ಕೆ ನಿಲ್ಲುತ್ತಾನೆ. ಗದಾಯುದ್ಧದ ಕೌರವನಿಗೆ ಸಭೆ ಕಣ್ಣೀರು ಹಾಕುವುದೂ ಉಂಟು. ಹೊಸ ಪ್ರಸಂಗಗಳ ಕಾಲದಲ್ಲಿ ಸಿನಿಮಾ ಕಥೆಗಳೂ ಮುಂಡಾಸು ಸುತ್ತಿ ರಂಗಸ್ಥಳಕ್ಕೆ ಬಂದವು. ಆದರೆ ಎಷ್ಟೇ ಹೊಸ ಮಾತು ಹೇಳಿದರೂ ಪಾತ್ರದ ಸ್ವಭಾವ ಕೆಡಬಾರದು. ಕರ್ಣ ಏನೆಲ್ಲ ವಾದಿಸಬಹುದು, ಜಿಪುಣನಾಗುವಂತಿಲ್ಲ. ಹಾಗಾದಂದು ಸಭೆ ಒಪ್ಪುವುದಿಲ್ಲ. ಶಕ್ತಿಮಾನನಿಗೂ ಇದೇ ಅಳತೆ ಸಲ್ಲುತ್ತದೆ. ಅವನು ಮುದುಕನಾಗಬಹುದು, ಸೋಲಬಹುದು, ಕುಂದಗನ್ನಡ ಮಾತಾಡಬಹುದು. ಕ್ರೂರಿಯಾಗಲಾರ.

ಒಂದು ವ್ಯತ್ಯಾಸ ಮಾತ್ರ ಮರೆಯಬಾರದು. ಕರ್ಣನಿಗೆ ಒಡೆಯರಿಲ್ಲ, ಶಕ್ತಿಮಾನನಿಗೆ ಇದ್ದಾರೆ. ಸೋನಿ ಪಿಕ್ಚರ್ಸ್ ಶಕ್ತಿಮಾನನ ಕುರಿತು ಮೂರು ಚಿತ್ರಗಳ ಸರಣಿಯನ್ನು ಪ್ರಕಟಿಸಿದ್ದು 2022ರಲ್ಲಿ; ಹೆಸರಿಗೆ ಇನ್ನೂ ಬೆಲೆಯಿದೆ ಎಂದು ಅದರಿಂದಲೇ ತಿಳಿಯುತ್ತದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಚಲನಚಿತ್ರದ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ. ಖಾಸಗಿ ಬಳಕೆ, ವಿಮರ್ಶೆ ಮುಂತಾದವಕ್ಕೆ ವಿನಾಯಿತಿ ಉಂಟು. ಆದರೆ ಹಣ ಮಾಡಲಿಲ್ಲ ಎಂಬ ಒಂದೇ ಮಾತು ರಕ್ಷಣೆಯಾಗದು. ಮನೆಯವರಿಗೆ ತೋರಿಸುವುದು ಬೇರೆ, ಅಂತರ್ಜಾಲದಲ್ಲಿ ಲೋಕಕ್ಕೆ ಹಂಚುವುದು ಬೇರೆ. ಹಾಡು, ಹಿನ್ನೆಲೆ ಸಂಗೀತಗಳಿಗೂ ಪ್ರತ್ಯೇಕ ಒಡೆಯರಿರಬಹುದು. ಅಮೆರಿಕದ ‘ಸ್ಟಾರ್ ಟ್ರೆಕ್’ ಒಡೆಯರು ಇಂಥ ಜಗಳವೊಂದರ ನಡುವೆ, 2016ರಲ್ಲಿ, ಅಭಿಮಾನಿಗಳಿಗೆ ನಿಯಮಗಳನ್ನೇ ಹೊರಡಿಸಿದರು: ಒಂದು ಕಥೆ 15 ನಿಮಿಷ, ಎರಡು ಭಾಗವಾದರೆ 30, ಸಂಗ್ರಹಿಸುವ ಹಣ 50,000 ಡಾಲರ್ ಮೀರಬಾರದು. ಅಂಥ ಸ್ಪಷ್ಟ ನಿಯಮಗಳಿಲ್ಲದಿದ್ದಾಗ ಬರವಣಿಗೆಯಲ್ಲಿ ಅನುಮತಿ ಕೇಳುವುದೇ ಲೇಸು. ಸಿಗದಿದ್ದರೆ ಅದೇ ಪ್ರೀತಿಯಿಂದ ತಮ್ಮದೇ ನಾಯಕನನ್ನು ಕಟ್ಟಬೇಕು.

ಕಾನೂನಿಗಿಂತ ದೊಡ್ಡ ಹೊಣೆಯೂ ಒಂದಿದೆ. ‘ಶಕ್ತಿಮಾನ್’ ಬರುತ್ತಿದ್ದ ದಿನಗಳಲ್ಲಿ, ಅವನು ಬಂದು ಕಾಪಾಡುತ್ತಾನೆಂದು ನಂಬಿ ಮಕ್ಕಳು ಅಪಾಯಕ್ಕೆ ಸಿಲುಕಿದರೆಂಬ ವರದಿಗಳು ಪತ್ರಿಕೆಗಳಲ್ಲಿ ಬಂದವು. ಅವು ಎಷ್ಟು ನಿಜ ಎಂಬ ವಾದವೂ ನಡೆಯಿತು. ತನ್ನನ್ನು ಅನುಕರಿಸಬೇಡಿ ಎಂದು ತೆರೆಯ ಮೇಲಿಂದಲೇ ಮಕ್ಕಳಿಗೆ ಹೇಳಬೇಕಾಯಿತು. ಮಗುವಿನ ನಂಬಿಕೆ ಅಷ್ಟು ಗಟ್ಟಿ. ಚಿತ್ರ ಮಾಡುವವನು ಕೈಯಾಡಿಸುವುದು ಆ ನಂಬಿಕೆಯೊಳಗೆ.

ಅಮಾಸೆಬೈಲಿನಲ್ಲಿ ಕಿಲ್ವಿಷನ ಕತ್ತಲೆಯನ್ನು ಓಡಿಸಿದ್ದು ಹಾರುವ ನಾಯಕನಲ್ಲ. ಎ.ಜಿ. ಕೊಡ್ಗಿಯವರ ಮುಂದಾಳುತನದಲ್ಲಿ ಕಳೆದ ದಶಕದಲ್ಲಿ ಮನೆಮನೆಗೆ ಸೌರದೀಪಗಳು ಬಂದವು. ಬೇರೆ ಕತ್ತಲೆಗಳು ಉಳಿದಿವೆ. 2022ರ ಮಳೆಗಾಲದಲ್ಲಿ ಬೈಂದೂರು ಕಡೆ ಶಾಲೆಯಿಂದ ಮರಳುತ್ತಿದ್ದ ಬಾಲಕಿಯೊಬ್ಬಳು ಕಾಲುಸಂಕ ದಾಟುವಾಗ ಹೊಳೆಯ ಪಾಲಾದಳು. ಅಂದು ಯಾವ ಶಕ್ತಿಮಾನನೂ ಬರಲಿಲ್ಲ. ನಮ್ಮ ಕಡೆಯ ಹುಡುಗರು ಅವನಿಗೆ ಮತ್ತೆ ವೇಷ ಕಟ್ಟುವುದಾದರೆ, ಅವನು ಮುಂಬಯಿಯ ಗಗನಚುಂಬಿಗಳ ಮೇಲೆ ಹಾರುವುದು ಬೇಡ. ಮಳೆಯಲ್ಲಿ ಒಂದು ಕಾಲುಸಂಕದ ಈಚೆ ನಿಂತು, ಮಕ್ಕಳ ಕೈಹಿಡಿದು ದಾಟಿಸಲಿ. ಅದು ನೋಡಿದವರು ಮರುದಿನ ಪಂಚಾಯಿತಿಗೆ ಹೋಗಿ ಸೇತುವೆ ಕೇಳಿದರೆ, ಆ ಚಿತ್ರ ಮಾಡಿದ್ದು ಸಾರ್ಥಕ.